ಕರುಣ್ ಒಬ್ಬರೇ ಸಾಕಾಗುವುದಿಲ್ಲ

2024ಕ್ಕೂ ಬ್ಯಾಟರ್ ಕರುಣ್ ನಾಯರ್ ಬಂದಿದ್ದರು, ಇಂಗ್ಲೆಂಡ್‌ನ ಕೌಂಟಿ ಕ್ರಿಕೆಟ್ ತಂಡ ನಾರ್ಥಾಂಪ್ಟನ್‌ಶೈರ್ ಮತ್ತೆ ಕೌಂಟಿ ಚಾಂಪಿಯನ್‌ಶಿಪ್‌ನ ಮೊದಲ ಡಿವಿಷನ್‌ಗೆ ಏರುತ್ತದಾ ಅಂತ ಆಗ ಕೇಳಿದ್ದಿರಿ. ಬ್ಯಾಟಿಂಗ್ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಗ್ಲಾಮೋರ್ಗನ್ ವಿರುದ್ಧ ನಮ್ಮ ಹುಡುಗ ಕರುಣ್ ಔಟಾಗದೆ 202 ಹೊಡೆದಾಗ ಎಷ್ಟು ಖುಷಿಯಾಯ್ತು ಗೊತ್ತಾ!

ಕಷ್ಟ ಇದ್ದದ್ದು ಬೌಲಿಂಗ್‌ನಲ್ಲಿ. ಮಿಡ್ಲ್‌ಸೆಕ್ಸ್ ಎದುರು ನಾರ್ಥಾಂಪ್ಟನ್‌ಶೈರ್ 550 ದಾಟಿ ಡಿಕ್ಲೇರ್ ಮಾಡಿತು. ಮಿಡ್ಲ್‌ಸೆಕ್ಸ್‌ನವರೂ ಅಷ್ಟೇ ಹೊಡೆದರು, ಬಿದ್ದದ್ದು ಬರೀ 2 ವಿಕೆಟ್! ಆ ವರ್ಷ ಮೊದಲ ಎರಡು ಸುತ್ತಿಗೆ ಕೂಕಬುರಾ ಕಂಪನಿಯ ಚೆಂಡು ಕೊಟ್ಟಿದ್ದರು. ಅದರ ಹೊಲಿಗೆ (ಸೀಮ್) ಬೇಗ ತಗ್ಗಿ ಚೆಂಡು ನುಣ್ಣಗಾಗುತ್ತದೆ, ಸೀಮ್ ನಂಬಿದವರಿಗೆ ಏನೂ ಸಿಗುವುದಿಲ್ಲ. ಇಂಗ್ಲೆಂಡ್‌ನಲ್ಲಿ ಸಾಮಾನ್ಯವಾಗಿ ಬಳಸುವ ಡ್ಯೂಕ್ಸ್ ಚೆಂಡಿನಲ್ಲಿ ನಾರ್ಥಾಂಪ್ಟನ್‌ಶೈರ್ ವೇಗಿ ಬೆನ್ ಸ್ಯಾಂಡರ್ಸನ್ ಬೇರೆಯೇ ಬೌಲರ್.

ಆದರೆ ಕರುಣ್ ಒಪ್ಪಂದ ಇದ್ದದ್ದು ಮೊದಲ ಏಳು ಪಂದ್ಯಕ್ಕೆ ಮಾತ್ರ. ಮೊದಲ ಡಿವಿಷನ್‌ಗೆ ಮೇಲೇರಲು ಅವಕಾಶ ಇದ್ದದ್ದು ಎರಡೇ ತಂಡಕ್ಕೆ. ಆ ಏಳು ಪಂದ್ಯಗಳೊಳಗೆ ಎರಡಾದರೂ ಗೆಲ್ಲಲೇಬೇಕಿತ್ತು, ಸುಮ್ನೆ ಡ್ರಾ ಮಾಡಿಕೊಂಡಿದ್ದರೆ ಆಗುತ್ತಿರಲಿಲ್ಲ.