ಸೂಜಿ ವಿನಿಮಯ ಕೇಂದ್ರದಲ್ಲಿ ‘ಹಳೆಯದು ಕೊಟ್ಟರೆ ಮಾತ್ರ ಹೊಸದು’ ನಿಯಮ ಇಡಬೇಕೇ?

ಇಡಬೇಡಿ. ಸ್ಥಳೀಯ ಆಡಳಿತ ಕೇಳಿದರೂ ಇಡಬೇಡಿ.

ಮಾದಕ ವಸ್ತು ಚುಚ್ಚಿಕೊಳ್ಳುವವರಲ್ಲಿ ಎಚ್‌ಐವಿ, ಹೆಪಟೈಟಿಸ್ ಹರಡದಂತೆ ಹೊಸ ಸೂಜಿ ಕೊಡುವ ಕೇಂದ್ರ ಶುರುಮಾಡಲು ಹೊರಟಿದ್ದೀರಿ, ಆಡಳಿತ ಈ ನಿಯಮ ಕೇಳುತ್ತಿದೆ, ಅನುದಾನಕ್ಕಾಗಿ ಆರು ತಿಂಗಳಲ್ಲಿ ಸರ್ವೆ ಮಾಡಿ ಉಪಯೋಗ ತೋರಿಸಬೇಕು ಅಂತ ಬರೆದಿದ್ದೀರಿ. ಅದನ್ನು ಓದುತ್ತಿದ್ದರೆ ನಮ್ಮ ಹಳೇ ಫೈಲನ್ನೇ ಓದಿದ ಹಾಗಾಯಿತು. ಒಂದು ಕಡೆ ಬೀದಿಯಲ್ಲಿ ಸೂಜಿ ಬಿದ್ದಿರುತ್ತವೆ ಅನ್ನುವ ಭಯ, ಅದಕ್ಕೆ ಪರಿಹಾರವಾಗಿ ಒಂದಕ್ಕೊಂದು ಲೆಕ್ಕ. ಇನ್ನೊಂದು ಕಡೆ, ಕೇಂದ್ರಕ್ಕೆ ಬರುವವರನ್ನೂ ಬಾರದವರನ್ನೂ ಹೋಲಿಸಿ ಉಪಯೋಗ ತೋರಿಸಿ ಅನ್ನುವ ಷರತ್ತು. ಇವೆರಡೂ ಜೊತೆಯಾಗಿಯೇ ಬರುತ್ತವೆ. ಎರಡೂ ಕೈಕೊಟ್ಟದ್ದು ಒಂದೇ ಊರಲ್ಲಿ, ಹಾಗಾಗಿ ಆ ಊರಿನ ಕಥೆಯನ್ನೇ ಹೇಳುತ್ತೇನೆ.

ಕೆನಡಾದ ವ್ಯಾಂಕೂವರ್‌ನಲ್ಲಿ ಸೂಜಿ ವಿನಿಮಯ ಶುರುವಾದದ್ದು 1988ರಲ್ಲಿ. 1996ರ ಹೊತ್ತಿಗೆ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಸೂಜಿ ಕೊಡುತ್ತಿದ್ದರು. ಉತ್ತರ ಅಮೆರಿಕದಲ್ಲಿ ಅಷ್ಟು ದೊಡ್ಡ ಕಾರ್ಯಕ್ರಮ ಬೇರೆ ಇರಲಿಲ್ಲ. ಆದರೂ 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚುಚ್ಚಿಕೊಳ್ಳುವವರ ಪೈಕಿ ಶೇ. 23 ಮಂದಿಗೆ ಎಚ್‌ಐವಿ ಇತ್ತು. ಹೊಸ ಸೋಂಕು ವರ್ಷಕ್ಕೆ ನೂರು ಜನರಲ್ಲಿ 18ಕ್ಕಿಂತ ಹೆಚ್ಚು. ಕಾರಣ ಕೊಕೇನ್. ಹೆರಾಯಿನ್ ಆದರೆ ದಿನಕ್ಕೆ ಎರಡು ಮೂರು ಸಲ ಚುಚ್ಚಿಕೊಂಡರೆ ಮುಗಿಯಿತು. ಕೊಕೇನಿನ ಅಮಲು ಬೇಗ ಇಳಿಯುತ್ತದೆ, ಒಂದೇ ದಿನ ಇಪ್ಪತ್ತು ಸಲ ಚುಚ್ಚಿಕೊಳ್ಳುವವರೂ ಇರುತ್ತಾರೆ. 20 ಲಕ್ಷ ಅಂದರೆ ಕಿವಿಗೆ ದೊಡ್ಡ ಸಂಖ್ಯೆ. ಐದು ಸಾವಿರ ಜನ ದಿನಕ್ಕೆ ಐದು ಸಲ ಅಂತ ಹಿಡಿದು ನೋಡಿ, ವರ್ಷಕ್ಕೆ 91 ಲಕ್ಷ ಬೇಕಾಗುತ್ತದೆ. ಬೇಡಿಕೆ ಹೀಗೆ ಏರಿದಾಗಲೂ ಕೈಗೆ ಸಿಗುವ ಸೂಜಿಗೆ ಮಿತಿ ಇತ್ತು: ಹಳೆಯದಕ್ಕೆ ಹೊಸದು ಅನ್ನುವ ಲೆಕ್ಕ, ಕೆಲವೇ ಜಾಗ, ಕೆಲವೇ ಹೊತ್ತು.

ಒಂದಕ್ಕೊಂದು ನಿಯಮದ ದೋಷ ಅದರ ಗಣಿತದಲ್ಲೇ ಇದೆ. ಮೀಟಿಂಗಿನಲ್ಲಿ ಯಾರೂ ಈ ಲೆಕ್ಕ ಹಾಕುವುದಿಲ್ಲವಾದ್ದರಿಂದ ಇಲ್ಲಿ ಹಾಕಿ ತೋರಿಸುತ್ತೇನೆ. ದಿನಕ್ಕೆ ಮೂರು ಸಲ ಚುಚ್ಚಿಕೊಳ್ಳುವವನಿಗೆ ವಾರಕ್ಕೆ 21 ಸೂಜಿ ಬೇಕು. ಮೊದಲ ವಾರ 21 ಕೊಟ್ಟಿರಿ ಅನ್ನಿ. ಎರಡನ್ನು ಪೊಲೀಸರು ಕಿತ್ತುಕೊಂಡರು, ಒಂದನ್ನು ಹೆದರಿ ಬಿಸಾಡಿದ, ಒಂದನ್ನು ಗೆಳೆಯನಿಗೆ ಕೊಟ್ಟ. ವಾಪಸ್ ತಂದದ್ದು 17, ನಿಯಮದ ಪ್ರಕಾರ ಸಿಗುವುದೂ 17. ಮುಂದಿನ ವಾರ ಮತ್ತೆ ನಾಲ್ಕು ಹೋದರೆ 13. ಅದರ ಮುಂದಿನ ವಾರ 9. ಚುಚ್ಚಿಕೊಳ್ಳುವುದು ಮಾತ್ರ 21 ಸಲವೇ. ಅಂದರೆ ನಾಲ್ಕನೇ ವಾರದಲ್ಲಿ ಒಂದೊಂದು ಸೂಜಿ ಎರಡು ಸಲಕ್ಕಿಂತ ಹೆಚ್ಚು ಬಳಕೆಯಾಗುತ್ತದೆ, ಇಲ್ಲವೇ ಇನ್ನೊಬ್ಬನದು ಕೈಗೆ ಬರುತ್ತದೆ. ಈ ನಿಯಮದಡಿ ಒಬ್ಬನ ಕೈಯಲ್ಲಿರುವ ಸೂಜಿ ಕಡಿಮೆಯಾಗಬಹುದೇ ಹೊರತು ಹೆಚ್ಚಾಗುವ ಸುರಕ್ಷಿತ ದಾರಿಯೇ ಇಲ್ಲ. ಬರಿಗೈಯಲ್ಲಿ ಬಂದವನಿಗಂತೂ ಸೊನ್ನೆ. ಬರಿಗೈಯಲ್ಲಿ ಬರುವವರು ಯಾರು? ನಿನ್ನೆ ಜೈಲಿನಿಂದ ಬಿಟ್ಟವನು, ಹೊಸದಾಗಿ ಶುರುಮಾಡಿದವಳು, ರಾತ್ರಿ ಚೀಲ ಕಳಕೊಂಡವನು. ಅಪಾಯ ಹೆಚ್ಚು ಇರುವುದೇ ಇವರಿಗೆ. ಇದರ ಮೇಲೆ ಇನ್ನೊಂದು: ಬದಲಿ ಪಡೆಯಲೆಂದು ಜನ ಬೀದಿಯಲ್ಲಿ ಬಿದ್ದ ಬೇರೆಯವರ ಸೂಜಿಗಳನ್ನು ಬರಿಗೈಯಲ್ಲಿ ಹೆಕ್ಕತೊಡಗುತ್ತಾರೆ.

ವ್ಯಾಂಕೂವರ್ 2000ದ ಆಸುಪಾಸಿನಲ್ಲಿ ಕೊಡುವುದನ್ನೂ ವಾಪಸ್ ಪಡೆಯುವುದನ್ನೂ ಬೇರೆ ಬೇರೆ ಮಾಡಿತು, ಜಾಗಗಳನ್ನು ಹೆಚ್ಚಿಸಿತು. ಇನ್ನೊಬ್ಬರು ಬಳಸಿದ ಸಿರಿಂಜ್ ಪಡೆದೆವು ಅಂದವರು 1998ರಲ್ಲಿ ಸುಮಾರು ಶೇ. 20 ಇದ್ದರು, 2003ರಲ್ಲಿ ಸುಮಾರು ಶೇ. 9. ಹೊಸ ಎಚ್‌ಐವಿ ಸೋಂಕೂ ಇಳಿಯಿತು.

ಬೀದಿಯ ಭಯಕ್ಕೆ ಉತ್ತರ ಬೇಕಾದರೆ 2012ರಲ್ಲಿ ಪ್ರಕಟವಾದ ಒಂದು ಹೋಲಿಕೆಯನ್ನು ಆಡಳಿತದ ಮುಂದಿಡಿ. ಸೂಜಿ ಕೇಂದ್ರಗಳಿದ್ದ ಸ್ಯಾನ್ ಫ್ರಾನ್ಸಿಸ್ಕೋ, ಆಗ ಒಂದೂ ಇಲ್ಲದಿದ್ದ ಮಯಾಮಿ. ಬೀದಿ ಬೀದಿ ನಡೆದು ಎಣಿಸಿದರು. ಸಾವಿರ ಬ್ಲಾಕಿಗೆ ಮೊದಲನೆಯದರಲ್ಲಿ 44 ಸಿರಿಂಜ್, ಎರಡನೆಯದರಲ್ಲಿ 371. ನೀವು ಶುರುಮಾಡುವ ಮೊದಲೇ ನಿಮ್ಮ ಬೀದಿಗಳನ್ನೂ ಹೀಗೆ ಎಣಿಸಿಡಿ. ಆಮೇಲೆ ಎಣಿಸಹೊರಟರೆ ಸಿಕ್ಕ ಪ್ರತಿ ಸೂಜಿಯೂ ನಿಮ್ಮ ತಲೆಗೇ.

ವಾಪಸ್ ಬರಲು ನಿಯಮಕ್ಕಿಂತ ಡಬ್ಬಿ ಮುಖ್ಯ. ಚುಚ್ಚಿದರೂ ತೂತಾಗದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಸೂಜಿ ಒಳಗೆ ಹೋಗಬೇಕು, ಕೈ ಹೋಗಬಾರದು. ಪ್ರತಿ ಪೊಟ್ಟಣದ ಜೊತೆ ಜೇಬಿನಲ್ಲಿ ಹಿಡಿಸುವ ಚಿಕ್ಕದೊಂದು ಕೊಡಿ, ಕೇಂದ್ರದ ಬಾಗಿಲ ಹೊರಗೆ ದೊಡ್ಡದೊಂದು ಇಡಿ. ಮುಕ್ಕಾಲು ತುಂಬಿದೊಡನೆ ಮುಚ್ಚಿ. ತಂದವರೇ ಹಾಕಲಿ, ನಿಮ್ಮ ಸಿಬ್ಬಂದಿ ಮುಟ್ಟುವುದು ಬೇಡ, ಎಣಿಸುವುದಂತೂ ಬೇಡವೇ ಬೇಡ. ಡಬ್ಬಿಯ ತೂಕದಿಂದ ಅಂದಾಜು ಮಾಡಿದರೆ ವರದಿಗೆ ಧಾರಾಳ ಸಾಕು. ಕೆಲಸಕ್ಕೆ ಸೇರುವಾಗಲೇ ಹೆಪಟೈಟಿಸ್ ಬಿ ಲಸಿಕೆ ಶುರುವಾಗಲಿ: ಸೊನ್ನೆ, ಒಂದು, ಆರನೇ ತಿಂಗಳು. ಸಿಬ್ಬಂದಿಗೆ ಸೂಜಿ ಚುಚ್ಚಿದರೆ ಹಿಂಡಬಾರದು, ಸೋಪು ನೀರಲ್ಲಿ ತೊಳೆದು ಆ ಕೂಡಲೇ ಎಚ್‌ಐವಿ ತಡೆ ಔಷಧಿಗೆ ಕಳಿಸಬೇಕು. 72 ಗಂಟೆ ಅನ್ನುವುದು ಕೊನೆಯ ಗಡುವು, ಅಲ್ಲಿವರೆಗೆ ಕಾಯಲು ಕೊಟ್ಟ ಸಮಯವಲ್ಲ.

ಯಾವ ಸಿರಿಂಜ್ ತರಿಸಬೇಕು ಅಂತ ನೀವು ಕೇಳಿಲ್ಲ, ಆದರೆ ಟೆಂಡರಿನಲ್ಲಿ ಅಗ್ಗದ್ದೇ ಗೆಲ್ಲುತ್ತದೆ ಅನ್ನುವ ಕಾರಣಕ್ಕೆ ಹೇಳುತ್ತೇನೆ. ಸೂಜಿ ಬಿಚ್ಚಿ ಹಾಕುವ ಸಾಮಾನ್ಯ ಸಿರಿಂಜಿನಲ್ಲಿ ಪಿಸ್ಟನ್ ಕೊನೆವರೆಗೆ ಒತ್ತಿದ ಮೇಲೂ ತುದಿಯಲ್ಲಿ, ಸೂಜಿಯ ಬುಡದಲ್ಲಿ 84 ಮೈಕ್ರೋಲೀಟರಿನಷ್ಟು ದ್ರವ ಉಳಿಯಬಹುದು. ಸೂಜಿ ಸೇರಿಕೊಂಡೇ ಬರುವ ಇನ್ಸುಲಿನ್ ಸಿರಿಂಜಿನಲ್ಲಿ ಉಳಿಯುವುದು ಸುಮಾರು 2. ಆ ಉಳಿಕೆಯಲ್ಲೇ ರಕ್ತ ಇರುವುದು. ಹೆಪಟೈಟಿಸ್ ಸಿ ವೈರಾಣು ಹೆಚ್ಚು ಉಳಿಕೆಯ ಸಿರಿಂಜಿನೊಳಗೆ 63 ದಿನದವರೆಗೂ ಜೀವಂತ ಇರಬಲ್ಲದು ಅಂತ ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಹಾಗಂತ ಇನ್ಸುಲಿನ್ ಸಿರಿಂಜ್ ಒಂದನ್ನೇ ತರಿಸಿದರೆ, ಉದ್ದ ಸೂಜಿ ಬೇಕಾದವರು ನಿಮ್ಮ ಪೊಟ್ಟಣ ಬಿಟ್ಟು ಹಳೆಯದಕ್ಕೇ ಹೋಗುತ್ತಾರೆ. ಅವರಿಗಾಗಿ ಬಿಚ್ಚಿ ಹಾಕುವ ಬಗೆಯಲ್ಲೂ ಉಳಿಕೆ ಕಡಿಮೆ ಇರುವವು ಸಿಗುತ್ತವೆ, ತರಿಸಿ. ಮಾದಕ ವಸ್ತು ಕರಗಿಸುವ ಪುಟ್ಟ ಪಾತ್ರೆ, ಫಿಲ್ಟರ್, ಶುದ್ಧ ನೀರಿನ ಸಣ್ಣ ಆಂಪೂಲ್ ಇವೂ ಪೊಟ್ಟಣದಲ್ಲಿರಲಿ, ಹೆಪಟೈಟಿಸ್ ಸಿ ಇವುಗಳ ಮೂಲಕವೂ ದಾಟುತ್ತದೆ. ಹೊಸ ಸೂಜಿ ಹಿಡಿದು ಒಂದೇ ಪಾತ್ರೆಯಿಂದ ಎಳೆದುಕೊಂಡರೆ ನೀವು ಹೊಸದು ಕೊಟ್ಟೂ ಉಪಯೋಗವಿಲ್ಲ.

ಇನ್ನು ಸರ್ವೆ. ಹೋಲಿಸಿ ತೋರಿಸಿ ಅನ್ನುವ ಷರತ್ತನ್ನೇ ನಾನು ಒಪ್ಪುವುದಿಲ್ಲ. ವ್ಯಾಂಕೂವರ್‌ನಲ್ಲಿ ಕೇಂದ್ರಕ್ಕೆ ಹೆಚ್ಚು ಬರುವವರಲ್ಲೇ ಎಚ್‌ಐವಿ ಹೆಚ್ಚು ಕಂಡಿತ್ತು. ಅಮೆರಿಕದಲ್ಲಿ 1988ರಿಂದಲೇ ಸೂಜಿ ಕಾರ್ಯಕ್ರಮಗಳಿಗೆ ಕೇಂದ್ರ ಸರ್ಕಾರದ ಹಣ ನಿಷೇಧವಾಗಿತ್ತು. ಅದನ್ನು ಸಮರ್ಥಿಸುವವರಿಗೆ ಈ ಅಂಕಿ ಚೆನ್ನಾಗಿ ಒದಗಿಬಂತು, ಸೂಜಿ ಕೊಟ್ಟದ್ದರಿಂದಲೇ ರೋಗ ಅಂದರು. 1999ರಲ್ಲಿ ಅದೇ ಜನರನ್ನು ಬಿಡಿಸಿ ನೋಡಿದಾಗ ಗೊತ್ತಾದದ್ದು ಬೇರೆ. ಹೆಚ್ಚು ಬರುವವರು ಕೊಕೇನ್ ಹೆಚ್ಚು ಚುಚ್ಚಿಕೊಳ್ಳುವವರು, ನೆಲೆ ಇಲ್ಲದವರು, ಮೊದಲೇ ಹೆಚ್ಚು ಅಪಾಯದಲ್ಲಿದ್ದವರು. ಆಸ್ಪತ್ರೆಯಲ್ಲಿ ರೋಗಿಗಳು ಹೆಚ್ಚಿದ್ದಾರೆಂದು ಆಸ್ಪತ್ರೆಯನ್ನೇ ದೂರಿದ ಹಾಗೆ. ನೀವೂ ಇದೇ ಹೋಲಿಕೆ ಮಾಡಿದರೆ ಇದೇ ಉತ್ತರ ಬರುತ್ತದೆ, ನಿಮ್ಮ ಅನುದಾನ ನಿಲ್ಲುತ್ತದೆ. ಆರು ತಿಂಗಳಲ್ಲಿ ಸೋಂಕಿನ ಇಳಿಕೆ ತೋರಿಸುವಷ್ಟು ಜನವೂ ನಿಮ್ಮ ಸರ್ವೆಯಲ್ಲಿ ಇರುವುದಿಲ್ಲ.

ತೋರಿಸಬೇಕಾದದ್ದು ವ್ಯಾಪ್ತಿ, ಅಂದರೆ ಚುಚ್ಚಿಕೊಳ್ಳುವ ಪ್ರತಿ ಸಲಕ್ಕೂ ಹೊಸ ಸೂಜಿ ಎಷ್ಟರಮಟ್ಟಿಗೆ ಸಿಗುತ್ತಿದೆ ಅನ್ನುವುದು. ‘ಸೂಜಿ ಹಂಚಿಕೊಳ್ಳುತ್ತೀರಾ’ ಅಂತ ಕೇಳಬೇಡಿ, ಎಲ್ಲರೂ ಇಲ್ಲ ಅನ್ನುತ್ತಾರೆ. ಕಳೆದ ಏಳು ದಿನದಲ್ಲಿ ಎಷ್ಟು ಸಲ ಚುಚ್ಚಿಕೊಂಡಿರಿ, ಎಲ್ಲ ಕಡೆಯಿಂದ ಸೇರಿ ಎಷ್ಟು ಹೊಸ ಸಿರಿಂಜ್ ಸಿಕ್ಕಿತು, ಅದರಲ್ಲಿ ಎಷ್ಟನ್ನು ಬೇರೆಯವರಿಗೆ ಕೊಟ್ಟಿರಿ, ಕೊನೆಯ ಸಲ ಬಳಸಿದ್ದು ಹೊಸದೇ, ನಿಮ್ಮದೇ ಹಳೆಯದೇ, ಇನ್ನೊಬ್ಬರದೇ. ಸಿಕ್ಕಿದ್ದರಲ್ಲಿ ಕೊಟ್ಟದ್ದು ಕಳೆದು, ಚುಚ್ಚಿಕೊಂಡ ಸಂಖ್ಯೆಯಿಂದ ಭಾಗಿಸಿ. ನೂರಕ್ಕೆ ನೂರು ದಾಟಿದವರು ಎಷ್ಟು ಮಂದಿ ಅನ್ನುವುದೇ ನಿಮ್ಮ ಮುಖ್ಯ ಅಂಕಿ. ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟಿರುವ ಗುರಿ ತಲೆಗೆ ವರ್ಷಕ್ಕೆ 300 ಸೂಜಿ. ಅದು ಸರಾಸರಿ, ದಿನಕ್ಕೆ ಮೂರು ಸಲದವನಿಗೆ ಮೂರೂವರೆ ತಿಂಗಳೂ ಸಾಲದು. ಹೆಸರು, ಗುರುತಿನ ಚೀಟಿ ಕೇಳಬೇಡಿ, ಸಂಕೇತ ಸಾಕು.

ಬೇರೆಯವರಿಗೆ ಕೊಡುವುದನ್ನು ತಡೆಯಲೂ ಹೋಗಬೇಡಿ. ನೂರು ಕೇಳಿದರೆ ನೂರು ಕೊಡಿ. ಒಬ್ಬ ಐದು ಜನರಿಗೆ ಒಯ್ಯುತ್ತಿದ್ದರೆ ಆ ಐವರು, ಅದರಲ್ಲೂ ಹೆಂಗಸರು, ನಿಮ್ಮ ಬಾಗಿಲಿಗೆ ಬರುವವರೇ ಅಲ್ಲ.

ಬಜೆಟ್ ಬರೆಯುವಾಗ ಹೆರಾಯಿನ್‌ಗೆ ಬದಲಾಗಿ ಕೊಡುವ ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ಔಷಧಿಯ ಚಿಕಿತ್ಸೆಯನ್ನು ಪಕ್ಕದ ಕೋಣೆಯಲ್ಲೇ ಕೊಡಲು ಹಣ ಕೇಳಿ. ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2017ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಈ ಚಿಕಿತ್ಸೆಯೊಂದೇ ಹೆಪಟೈಟಿಸ್ ಸಿ ತಗಲುವ ಅಪಾಯವನ್ನು ಅರ್ಧಕ್ಕಿಳಿಸುತ್ತದೆ, ಸಾಕಷ್ಟು ಸೂಜಿಯೂ ಜೊತೆಗಿದ್ದರೆ ಶೇ. 74ರಷ್ಟು ಕಡಿಮೆಮಾಡುತ್ತದೆ. ಕೊಕೇನ್ ಚುಚ್ಚಿಕೊಳ್ಳುವವರಿಗೆ ಈ ಔಷಧಿ ಕೆಲಸ ಮಾಡುವುದಿಲ್ಲ, ಅವರ ಮಟ್ಟಿಗೆ ಸೂಜಿಯ ಸಂಖ್ಯೆಯೇ ಗತಿ. ಆದ್ದರಿಂದ ಅನುದಾನದ ಅರ್ಜಿಯಲ್ಲಿ ಸೂಜಿಯ ಬಾಬತ್ತನ್ನು ಇದರ ಜೊತೆ ಸೇರಿಸದೆ ಬೇರೆ ಸಾಲಿನಲ್ಲೇ ಬರೆಯಿರಿ.