ಸ್ಕೀ ಬ್ಯಾಗಿಗೂ ಒಂದು ಸೀಟಿನ ಲೆಕ್ಕ ಉಂಟು

ಪ್ರಶ್ನೆ: ನಾವು ಬದಿಯಡ್ಕದವರು. ಕುಟುಂಬ, ನೆಂಟರು, ಫ್ರೆಂಡ್ಸ್ ಎಲ್ಲ ಸೇರಿ 38 ಜನ ಫೆಬ್ರವರಿಯಲ್ಲಿ ಗುಲ್ಮಾರ್ಗಿಗೆ ಸ್ಕೀಯಿಂಗ್ ಹೋಗುವ ಅಂತ ಉಂಟು. ಜರ್ಮನಿಯಲ್ಲಿರುವ ತಮ್ಮನ ಮಕ್ಕಳು ಸ್ವಂತ ಸ್ಕೀ ತರ್ತಾರಂತೆ. ಒಬ್ಬ ಏಜೆಂಟ್ 48 ಸೀಟಿನ ಪ್ರೊಪೆಲ್ಲರ್ ವಿಮಾನ ಚಾರ್ಟರ್ ಮಾಡಿ, ಅಂದ್ರೆ ಇಡೀ ವಿಮಾನ ಬಾಡಿಗೆಗೆ ಹಿಡಿದು, ಮಂಗಳೂರಿಂದ ಸೀದಾ ಶ್ರೀನಗರ ಅಂತಾನೆ. ಇನ್ನೊಬ್ಬ ಅದೇ ವಿಮಾನದಲ್ಲಿ ಹಿಮಾಚಲದ ಭುಂತರಿಗೆ ಹೋಗಿ ಮನಾಲಿ ಹತ್ರದ ಸೋಲಂಗಲ್ಲಿ ಸ್ಕೀ ಮಾಡಿ, ಖರ್ಚು ಕಮ್ಮಿ ಅಂತಾನೆ. ಯಾರ ಮಾತು ಕೇಳುವುದು?

ಉತ್ತರ: ಇಬ್ಬರದ್ದೂ ಬೇಡ ಮಾರಾಯ್ರೆ. ಇಬ್ಬರೂ ವಿಮಾನದಿಂದ ಶುರು ಮಾಡಿದ್ದಾರೆ, ಗುಡ್ಡದ ಏರ್‌ಪೋರ್ಟಿಗೆ ಹೋಗುವವರು ರನ್‌ವೇಯಿಂದ ಶುರು ಮಾಡ್ಬೇಕು, ಆಮೇಲೆ ದೂರ, ಆಮೇಲೆ ಸಾಮಾನು, ಕಡೆಗೆ ವಿಮಾನ.

ಮ್ಯಾಪಲ್ಲಿ ಮಂಗಳೂರಿಗೂ ಶ್ರೀನಗರಕ್ಕೂ ಒಂದು ಸ್ಕೇಲ್ ಇಟ್ಟು ನೋಡಿ, ಹೆಚ್ಚುಕಮ್ಮಿ ಒಂದೇ ರೇಖಾಂಶ, ನೆಟ್ಟಗೆ ಉತ್ತರಕ್ಕೆ 2,300 ಕಿಲೋಮೀಟರಿಗೂ ಮೇಲೆ. 48 ಸೀಟಿನ ಪ್ರೊಪೆಲ್ಲರ್ ಅಂದ್ರೆ ಎಟಿಆರ್ 42 ಇರ್ಬೇಕು, ಅದು ಜನ ತುಂಬ್ಸಿಕೊಂಡು ಒಂದೇ ಉಸಿರಿಗೆ ಅಷ್ಟು ದೂರ ಹೋಗುವ ಜಾತಿಯೇ ಅಲ್ಲ. ನಡುವೆ ಇಳಿದು ಎಣ್ಣೆ ಹಾಕ್ಬೇಕು, ಗಂಟೆಗೆ 500 ಕಿಲೋಮೀಟರ್ ಸ್ಪೀಡಲ್ಲಿ ಹಾರುವ ಹೊತ್ತೇ ಐದು ಗಂಟೆ ಹತ್ರ ಆಗ್ತದೆ, ಇಳಿದು ಕಾಯುವುದು ಬೇರೆ. ಜೆಟ್ಟಲ್ಲಿ ಇದೇ ದಾರಿ ಮೂರು, ಮೂರೂಕಾಲು ಗಂಟೆ. ಹಾಗಾಗಿ ಆ 'ಸೀದಾ' ಅನ್ನುವ ಶಬ್ದ ಏಜೆಂಟಿನ ಬಾಯಿಯದ್ದು, ವಿಮಾನದ್ದಲ್ಲ.

ಇನ್ನು ಭುಂತರ್. ಅಲ್ಲಿ ರನ್‌ವೇ ಸುಮಾರು 1,100 ಮೀಟರ್. ನಮ್ಮ ಮಂಗಳೂರಿನ ಬಜ್ಪೆ ಏರ್‌ಪೋರ್ಟಿನದ್ದು 2,450, ಅದರ ಅರ್ಧವೂ ಇಲ್ಲ, ಅದೂ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ಮೇಲೆ, ಬಿಯಾಸ್ ಹೊಳೆಯ ಕಣಿವೆಯೊಳಗೆ ಎರಡೂ ಬದಿ ಗುಡ್ಡ ಇಟ್ಟುಕೊಂಡು. ಎಟಿಆರ್ ಇಳೀತದೆ, ಇಲ್ಲ ಅಂತಲ್ಲ, ಆದ್ರೆ ವಾಪಸ್ ಏಳುವಾಗ ಸೀಟ್ ಖಾಲಿ ಬಿಟ್ಟೇ ಏಳ್ಬೇಕು. ನೀವು 38 ಜನ ಹೋಗಿ ಅರ್ಧ ಜನ ಬಸ್ಸಲ್ಲಿ ಬರುವ ಹಾಗಾದ್ರೆ ಚಾರ್ಟರ್ ಎಂತಕ್ಕೆ?

ಸೀಟ್ ಖಾಲಿ ಬಿಡುವುದು ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೇನೆ, ಎಲ್ಲರೂ ಎಡವುವುದು ಇಲ್ಲೇ. ಎರಡು ಎಂಜಿನ್ನಿನ ವಿಮಾನ ಓಡಿ ಏಳುವ ಹೊತ್ತಿಗೆ ಸರಿಯಾಗಿ ಒಂದು ಎಂಜಿನ್ ಕೈಕೊಟ್ಟರೂ ಇನ್ನೊಂದರ ಬಲದಲ್ಲೇ ಮೇಲೆ ಹತ್ತಿ ಎದುರಿನ ಗುಡ್ಡ ದಾಟ್ಬೇಕು, ಆ ಲೆಕ್ಕ ಕೂಡಿ ಬರುವಷ್ಟೇ ಭಾರ ಹೇರ್ಲಿಕ್ಕೆ ಪರ್ಮಿಶನ್. ಬಯಲಲ್ಲಿ ಆ ಲೆಕ್ಕ ಸುಲಭ. ಗುಡ್ಡದೂರಲ್ಲಿ ಗಾಳಿ ತೆಳು, ಎದುರಿಗೆ ಕಲ್ಲು, ಅದೂ ಸಾಲದ್ದಕ್ಕೆ ಮೋಡ ಮುಚ್ಚಿದ್ರೆ ಬೇರೆ ಏರ್‌ಪೋರ್ಟಿಗೆ ತಿರುಗ್ಸಿ ಹೋಗುವಷ್ಟು ಎಣ್ಣೆಯೂ ಹೊಟ್ಟೆಯಲ್ಲಿರ್ಬೇಕು. ಎಣ್ಣೆ ಬಿಡುವ ಹಾಗಿಲ್ಲ, ಪೈಲಟನ್ನು ಬಿಡುವ ಹಾಗಿಲ್ಲ, ಮತ್ತೆ ಇಳಿಸುವುದು ಯಾರನ್ನು? ನಿಮ್ಮನ್ನು, ಇಲ್ಲಾಂದ್ರೆ ನಿಮ್ಮ ಬ್ಯಾಗನ್ನು.

ಸ್ಕೀ, ಕೋಲು, ಆ ಕಲ್ಲಿನ ಹಾಗಿರುವ ಬೂಟು ಎಲ್ಲ ಸೇರಿ ಒಬ್ಬರದ್ದು 15 ಕೆಜಿ ಇಟ್ಟುಕೊಳ್ಳಿ. 38 ಜನವೂ ತಂದ್ರೆ 570 ಕೆಜಿ. 75 ಕೆಜಿಯ ಏಳೂವರೆ ಆಳು ಹೆಚ್ಚಿಗೆ ಹತ್ತಿ ಕೂತ ಹಾಗೆ. ಮೇಳದ ಲಾರಿಗೆ ವೇಷದ ಪೆಟ್ಟಿಗೆ ತುಂಬುವವರಿಗೆ ಇದು ಬೇಗ ಅರ್ಥ ಆಗ್ತದೆ, ಕಲಾವಿದರು ಎಷ್ಟು ಜನ ಅಂತ ಮಾತ್ರ ಲೆಕ್ಕ ಹಾಕಿ ಗಾಡಿ ಮಾಡಿದ್ರೆ ಕಿರೀಟ ಊರಲ್ಲೇ ಬಾಕಿ.

ನಾನು ಗಲ್ಫಿನ ಒಂದು ಏರ್‌ಪೋರ್ಟಲ್ಲಿ ಲೋಡ್ ಶೀಟ್, ಅಂದ್ರೆ ವಿಮಾನದ ಭಾರದ ಲೆಕ್ಕ, ಬರೀತಿದ್ದವ. ಒಂದು ಚಳಿಗಾಲ ಗುಡ್ಡದೂರಿಗೆ ಸ್ಕೀ ಗ್ರೂಪಿನ ಚಾರ್ಟರ್, 50 ಸೀಟಿನ ಜೆಟ್, ಬಂದವರು 41 ಜನ. ಸೇಲ್ಸಿನವರು ಸೀಟಿನ ಲೆಕ್ಕ ಮಾತ್ರ ನೋಡಿ ಎಲ್ಲದಕ್ಕೂ ಹೂಂ ಅಂದುಬಿಟ್ಟಿದ್ರು. ಅಲ್ಲಿಯ ಹವಾಮಾನ ಸರಿ ಇಲ್ಲ ಅಂತ ಕ್ಯಾಪ್ಟನ್ ಎಣ್ಣೆ ಹೆಚ್ಚು ಕೇಳಿದ್ರು, ನಾನು ಹೊಸ ಅಂಕೆ ಹಾಕಿದೆ, ಲಿಮಿಟ್ ದಾಟಿತು. ಹೋಲ್ಡಿಗೆ, ಅಂದ್ರೆ ವಿಮಾನದ ಸಾಮಾನು ಕೋಣೆಗೆ, ಹೋಗಿದ್ದ ಉದ್ದುದ್ದ ಬ್ಯಾಗುಗಳನ್ನು ಹುಡುಗರು ಒಂದೊಂದಾಗಿ ವಾಪಸ್ ಎಳೆದು ಟ್ರಾಲಿಗೆ ಹಾಕ್ತಿದ್ರು, ಗ್ರೂಪಿನ ಲೀಡರ್ ನನ್ನ ಹತ್ರ ಬಂದು "ಒಳಗೆ ಒಂಬತ್ತು ಸೀಟ್ ಖಾಲಿ ಉಂಟಲ್ಲ, ಅದರ ಮೇಲೆ ಇಡಿ" ಅಂದ್ರು. ಜಾಗ ಇದ್ದದ್ದು ಹೌದು, ಭಾರಕ್ಕೆ ಜಾಗ ಇರ್ಲಿಲ್ಲ. ಆ ಬ್ಯಾಗುಗಳು ಹೋಗಿ ಮುಟ್ಟಿದ್ದು ಮೂರನೇ ದಿನ, ಅವರ ಟ್ರಿಪ್ ಇದ್ದದ್ದು ಐದು ದಿನದ್ದು.

ಹಾಗಾಗಿ ಏಜೆಂಟಿಗೆ ಕೇಳ್ಬೇಕಾದ್ದು ಸೀಟ್ ಎಷ್ಟು ಅಂತ ಅಲ್ಲ. ಫೆಬ್ರವರಿಯಲ್ಲಿ, ರನ್‌ವೇ ಒದ್ದೆ ಇರುವಾಗ, ಇಷ್ಟು ಸ್ಕೀ ಬ್ಯಾಗ್ ಸಮೇತ, ವಾಪಸ್ ಬರುವ ದಿನ ಅಲ್ಲಿಂದ ಎಷ್ಟು ಜನರನ್ನು ಎತ್ತಿಕೊಂಡು ಬರ್ತೀರಿ ಅಂತ ಬರಹದಲ್ಲಿ ಕೇಳಿ. ಹೋಗುವ ಲೆಕ್ಕ ಎಲ್ಲರೂ ಕೊಡ್ತಾರೆ.

ನಿಮ್ಮ ವಿಷಯಕ್ಕೆ ಬಂದ್ರೆ, ಶ್ರೀನಗರಕ್ಕೇ ಹೋಗಿ, ಆದ್ರೆ ಚಾರ್ಟರ್ ಬೇಡ. ಆ ಏರ್‌ಪೋರ್ಟ್ 1,655 ಮೀಟರ್ ಎತ್ತರದಲ್ಲಿದ್ರೂ ರನ್‌ವೇ ಮೂರೂವರೆ ಕಿಲೋಮೀಟರಿಗಿಂತ ಉದ್ದ, ದೊಡ್ಡ ಜೆಟ್ಟುಗಳು ದಿನಾ ಆರಾಮಲ್ಲಿ ಹೋಗಿಬರ್ತವೆ, ಅಲ್ಲಿಂದ ಗುಲ್ಮಾರ್ಗ್ ಸುಮಾರು 50 ಕಿಲೋಮೀಟರ್ ರೋಡ್. ಇಡೀ ವಿಮಾನ ಹಿಡಿದ್ರೆ ಅದು ಡೆಲ್ಲಿಯಿಂದಲೋ ಮುಂಬೈಯಿಂದಲೋ ನಿಮಗಾಗಿ ಖಾಲಿ ಬರ್ಬೇಕು, ಖಾಲಿ ಹೋಗ್ಬೇಕು, ಆ ದುಡ್ಡು ನಿಮ್ಮದೇ, ನಮ್ಮಲ್ಲಿ ಜೀಪಿಗೆ ರಿಟರ್ನ್ ಬಾಡಿಗೆ ಕೊಡುವ ಹಾಗೆಯೇ. ಕ್ರೂ ಉಳಿಯುವ ಖರ್ಚು, ಪಾರ್ಕಿಂಗ್, ಜಿಎಸ್‌ಟಿ ಮತ್ತೆ ಬೇರೆ. ಡೆಲ್ಲಿ ಮೇಲೆ ರೆಗ್ಯುಲರ್ ಫ್ಲೈಟಲ್ಲಿ ಗ್ರೂಪ್ ಬುಕಿಂಗ್ ಮಾಡಿ. ನಿಮ್ಮದು 150 ಜನರ ದಿಬ್ಬಣ ಆಗಿದ್ರೆ ನಾನೇ ಒಂದು ಎ320 ದೊಡ್ಡ ಜೆಟ್ ಹಿಡೀರಿ ಅಂತಿದ್ದೆ. ಮತ್ತೆ ಜರ್ಮನಿಯ ಮಕ್ಕಳಿಗೆ ಹೇಳಿ, ಬೂಟ್ ಮಾತ್ರ ತನ್ನಿ, ಸ್ಕೀ ಗುಲ್ಮಾರ್ಗಲ್ಲಿ ಬಾಡಿಗೆಗೆ ಸಿಗ್ತದೆ, ಕಾಲಿಗೆ ಸಮ ಕೂರುವ ಬೂಟ್ ಸಿಗುವುದೇ ಕಷ್ಟ.

ಪ್ರಶ್ನೆ: ಕುಂಬಳೆಯಿಂದ ಬರೀತಿದ್ದೇನೆ, ಪ್ಲಸ್ ಟೂ ಸ್ಟೂಡೆಂಟ್. ತಣ್ಣಗಿನ ಗಾಳಿ ದಪ್ಪ ಇರ್ತದೆ, ವಿಮಾನಕ್ಕೆ ಒಳ್ಳೇದು ಅಂತ ಫಿಸಿಕ್ಸ್ ಸಾರ್ ಹೇಳಿದ್ರು. ಹಾಗಾದ್ರೆ ಚಳಿಗಾಲದಲ್ಲಿ ಗುಡ್ಡದ ಏರ್‌ಪೋರ್ಟ್ ಯಾಕೆ ಕಷ್ಟ?

ಉತ್ತರ: ಸಾರ್ ಹೇಳಿದ್ದು ಸರಿ. ಆದ್ರೆ ಚಳಿ ಕೊಟ್ಟದ್ದನ್ನು ಎತ್ತರ ಕಿತ್ತುಕೊಳ್ತದೆ, ಉಳಿದದ್ದನ್ನು ಹಿಮ. ಅಮೆರಿಕದ ಆಸ್ಪೆನ್ ಅಂತ ದೊಡ್ಡ ಸ್ಕೀ ಊರುಂಟು, ಅಲ್ಲಿಯ ರನ್‌ವೇ ಸುಮಾರು 2,440 ಮೀಟರ್, ಅಂದ್ರೆ ನಮ್ಮ ಬಜ್ಪೆಯಷ್ಟೇ. ಆದ್ರೆ ಬಜ್ಪೆ ನೂರು ಮೀಟರ್ ಎತ್ತರದಲ್ಲಿದ್ರೆ ಆಸ್ಪೆನ್ ಹತ್ತಿರ ಹತ್ತಿರ 2,400 ಮೀಟರಲ್ಲಿ. ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಶೇಕಡಾ 79ರಷ್ಟು ಅಂತ ಹಿಡಿದ್ರೆ, ಪೈಲಟಿನ ಎದುರಿನ ಸ್ಪೀಡ್ ಮೀಟರ್ ಅದೇ ಸ್ಪೀಡ್ ತೋರಿಸಿದ್ರೂ ವಿಮಾನ ನೆಲದ ಮೇಲೆ ಶೇಕಡಾ 12ರಷ್ಟು ಜೋರಾಗಿ ಓಡ್ತಿರ್ತದೆ, ನಿಲ್ಲಿಸ್ಲಿಕ್ಕೆ ಬೇಕಾಗುವ ಜಾಗ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರ್ತದೆ, ಅಂದ್ರೆ ಸುಮಾರು ಕಾಲು ಭಾಗ ಹೆಚ್ಚು. ಅದರ ಮೇಲೆ ಹಿಮ ಬಿದ್ದು ಬ್ರೇಕ್ ಜಾರಿದ್ರೆ? ಅಲ್ಲಿ ರೆಕ್ಕೆ 95 ಅಡಿಗಿಂತ ಅಗಲ ಇರುವ ವಿಮಾನಕ್ಕೆ ಎಂಟ್ರಿಯೇ ಇಲ್ಲ, ಎ320ಗೆ ಗೇಟ್ ಬಂದ್. ರೆಕ್ಕೆ ಮೇಲೆ ಹಿಮ ಕೂತ್ರೆ ಔಷಧ ಹೊಡೆದು ತೊಳೆದ ಮೇಲೆಯೇ ಹೊರಡುವುದು, ಅಡಿಕೆಗೆ ಬೋರ್ಡೋ ಹೊಡೆಯುವ ಹಾಗೆ, ಮತ್ತೆ ಹಿಮ ಬೀಳ್ಲಿಕ್ಕೆ ಶುರುವಾಗಿ ಲೇಟಾದ್ರೆ ಪುನಃ ಹೊಡೀಬೇಕು. ಸಾರಿಗೂ ತೋರಿಸು ಇದನ್ನು.

ಪ್ರಶ್ನೆ: ಹೊಸೂರಿಂದ. ನಾವು ಆರು ಜನ ಪಾರ್ಟ್ನರ್ಸ್, ಫ್ರಾನ್ಸಿನ ಕೂರ್ಶವೆಲ್ ಸ್ಕೀ ಊರಿಗೆ ಜಿನೀವಾದಿಂದ ಚಿಕ್ಕ ಜೆಟ್ ಹಿಡಿಯುವ ಯೋಚನೆ.

ಉತ್ತರ: ಯೋಚನೆ ಕೈಬಿಡಿ. ಕೂರ್ಶವೆಲಿನ ರನ್‌ವೇ 537 ಮೀಟರ್, ಅದೂ ಚಪ್ಪಟೆ ಅಲ್ಲ, ಶೇಕಡಾ 18ಕ್ಕೂ ಹೆಚ್ಚು ಏರು, ನಮ್ಮೂರ ಗುಡ್ಡದ ಏರಲ್ಲೂ ಲಾರಿ ಫಸ್ಟ್ ಗೇರ್ ಹಾಕ್ತದೆ, ಇದು ಅದಕ್ಕಿಂತ ಎಷ್ಟೋ ಕಡಿದು. ಎದುರು ಗುಡ್ಡ ಇರುವ ಕಾರಣ ಕೊನೆ ಗಳಿಗೆಯಲ್ಲಿ ಬೇಡ ಅನಿಸಿದ್ರೆ ಮೇಲೆತ್ತಿ ಸುತ್ತು ಹಾಕ್ಲಿಕ್ಕೆ ಆಗೂದಿಲ್ಲ, ಪೈಲಟಿಗೆ ಅದಕ್ಕೇ ಬೇರೆ ಟ್ರೈನಿಂಗ್ ಬೇಕು. ಅಲ್ಲಿಗೆ ಹೋಗುವುದು ಚಿಕ್ಕ ಪ್ರೊಪೆಲ್ಲರ್, ಹೆಲಿಕಾಪ್ಟರ್. ಜಿನೀವಾದಿಂದ ವ್ಯಾನ್ ಮಾಡಿ. ಆಲ್ಪ್ಸಲ್ಲಿ ಚಿಕ್ಕ ಗ್ರೂಪಿಗೆ ಪಿಲಾಟಸ್ ಪಿಸಿ-12 ತುಂಬ ಓಡ್ತದೆ, ಹಿಂದೆ ದೊಡ್ಡ ಸಾಮಾನು ಬಾಗಿಲು, ಸ್ಕೀ ಸಲೀಸಾಗಿ ಒಳಗೆ ಹೋಗ್ತದೆ, ಆದ್ರೆ ಎಂಜಿನ್ ಒಂದೇ. ಹಿಮ ಮೋಡದೊಳಗೆ ನಾನು ಎರಡು ಎಂಜಿನ್ ಕಡೆಯವ, ಹಳೇ ಕಾಲದವ ಅಂದ್ರೂ ಅಡ್ಡಿಯಿಲ್ಲ. ಚಿಕ್ಕ ಜೆಟ್ ಬೇರೆ ಎಲ್ಲಿಗಾದ್ರೂ ಹಿಡಿದ್ರೆ ಹೋಲ್ಡಿನ ಉದ್ದ ಕೇಳಿ, 185 ಸೆಂಟಿಮೀಟರಿನ ಸ್ಕೀ ಮಡಚ್ಲಿಕ್ಕೆ ಬರುವುದಿಲ್ಲ.

ಪ್ರಶ್ನೆ: ಪೆರ್ಲದಿಂದ. ಗುರ್ತದವರೊಬ್ಬರ ಸ್ವಂತ ವಿಮಾನ ಉಂಟಂತೆ, ಚಾರ್ಟರಿಗಿಂತ ಅರ್ಧ ರೇಟಿಗೆ ಕೊಡ್ತಾರಂತೆ. ತಗೊಳ್ಬಹುದಾ?

ಉತ್ತರ: ಬೇಡ. ಬಾಡಿಗೆಗೆ ಜನ ಹಾರಿಸ್ಬೇಕಾದ್ರೆ ವಿಮಾನಗಳ ಮೇಲೆ ಕಣ್ಣಿಡುವ ಸರ್ಕಾರಿ ಇಲಾಖೆ ಡಿಜಿಸಿಎಯ ನಾನ್ ಶೆಡ್ಯೂಲ್ಡ್ ಆಪರೇಟರ್ ಪರ್ಮಿಟ್ ಬೇಕು, ಆ ವಿಮಾನದ ವಿಟಿ ಅಂತ ಶುರುವಾಗುವ ರಿಜಿಸ್ಟ್ರೇಶನ್ ನಂಬರ್ ಅದರಲ್ಲಿ ಇರ್ಬೇಕು. ಪ್ರೈವೇಟ್ ವಿಮಾನ ಅಂದ್ರೆ ಬಿಳಿ ಬೋರ್ಡಿನ ಕಾರು ಟ್ಯಾಕ್ಸಿ ಓಡಿಸಿದ ಹಾಗೆ, ಹೆಚ್ಚುಕಮ್ಮಿ ಆದ ದಿನ ಇನ್ಶೂರೆನ್ಸಿನವರು ಮುಖ ತಿರುಗಿಸ್ತಾರೆ.

ಪ್ರಶ್ನೆ: ಮಂಜೇಶ್ವರದಿಂದ. ಹಿಮ ಬಿದ್ದು ಶ್ರೀನಗರದಲ್ಲೇ ಸಿಕ್ಕಿ ಬಿದ್ರೆ ಎಂತ ಮಾಡುವುದು?

ಉತ್ತರ: ಎರಡು ದಿನ ಕೈಯಲ್ಲಿ ಹೆಚ್ಚಿಗೆ ಇಟ್ಟುಕೊಂಡೇ ಹೋಗಿ, ವಾಪಸ್ ಬಂದ ಮರುದಿನವೇ ಮನೆಯಲ್ಲಿ ಪೂಜೆ, ಮದುವೆ ಅಂತ ಇಟ್ಟುಕೊಳ್ಬೇಡಿ. ವಿಮಾನ ಏಳದಿದ್ರೆ ಈಗ ಟ್ರೈನ್ ಉಂಟು, 2025ರ ಜೂನಲ್ಲಿ ಶ್ರೀನಗರ ಕಾಟ್ರಾ ನಡುವೆ ವಂದೇ ಭಾರತ್ ಶುರುವಾಗಿದೆ, ಚಿನಾಬ್ ಸೇತುವೆ ನೋಡಿದ ಹಾಗೂ ಆಯ್ತು. ಕಾಟ್ರಾದಿಂದ ಜಮ್ಮುವಿಗೆ ಬಂದು ಅಲ್ಲಿ ವಿಮಾನ ಹತ್ತಿ. ಕಾಟ್ರಾದಿಂದ ಟ್ರೈನಲ್ಲೇ ಊರಿಗೆ ಬರ್ತೇನೆ ಅನ್ನುವವರು ಚಕ್ಕುಲಿ ಡಬ್ಬ ಹೋಗುವಾಗಲೇ ಖಾಲಿ ಮಾಡ್ಬೇಡಿ, ಮೂರು ದಿನದ ದಾರಿ.