ಈಯೋಸೀನ್ ಮಾಡೆಲ್: 400 ವರ್ಷ ಓಡಿಸಿದರೂ ಆಳಸಮುದ್ರ ಸ್ಥಿರವಾಗುತ್ತಿಲ್ಲ ಏಕೆ? — ಪ್ರತಿಕ್ರಿಯೆ

ಸುಮಾರು 5 ಕೋಟಿ ವರ್ಷ ಹಿಂದಿನ ಬಿಸಿ ಯುಗವಾದ ಈಯೋಸೀನ್‌ನ ಹವಾಮಾನವನ್ನು ಕಂಪ್ಯೂಟರ್ ಮಾಡೆಲ್‌ನಲ್ಲಿ ಓಡಿಸುವಾಗ ನೀವು ಕೈಗಾರಿಕೆಗೆ ಮುಂಚಿನ ಮಟ್ಟದ 3 ಪಟ್ಟು ಸಿಒ2 (840 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 840) ಕೊಟ್ಟು, ಇಂದಿನ ಸಾಗರದ ಉಷ್ಣತೆಯಿಂದಲೇ ಶುರು ಮಾಡಿದ್ದೀರಿ. ತೊಂದರೆ ಅಲ್ಲೇ ಇದೆ. ತಳದಲ್ಲಿ 1–2 ಡಿಗ್ರಿಯ ತಣ್ಣೀರು, ಮೇಲಿನಿಂದ ಬಿಸಿ. ಇಂಥ ಪದರ ಕದಡುವುದೇ ಇಲ್ಲ, ಶಾಖ ಬರೀ ವಿಸರಣೆಯಿಂದ (ನಿಧಾನವಾಗಿ ಹರಡುವುದರಿಂದ) ಕೆಳಗಿಳಿಯಬೇಕು. ಹರಡುವ ವೇಗ ಹೇಳುವ ವಿಸರಣಾಂಕ ಸೆಕೆಂಡಿಗೆ 0.0001 ಚದರ ಮೀಟರ್, ಆಳ 3000 ಮೀಟರ್ ಎಂದಿಟ್ಟುಕೊಂಡರೂ ಸುಮಾರು 2,850 ವರ್ಷ (ಆಳದ ವರ್ಗ ಭಾಗಿಸು ವಿಸರಣಾಂಕ) ಬೇಕು. ಇನ್ನೂ 400 ವರ್ಷ ಓಡಿಸಿ ಪ್ರಯೋಜನವಿಲ್ಲ.

ಬೆಚ್ಚಗಿನ ಸಾಗರದಿಂದ ಮತ್ತೆ ಶುರು ಮಾಡಿ. ಡೀಪ್‌ಮಿಪ್ (ಪ್ರಾಚೀನ ಬಿಸಿ ಹವಾಮಾನದ ಮಾಡೆಲ್‌ಗಳನ್ನು ಹೋಲಿಸುವ ಯೋಜನೆ) ಸೂತ್ರದಲ್ಲಿ ತಳದ ನೀರು 15 ಡಿಗ್ರಿ, ಸಮಭಾಜಕದ ಮೇಲ್ಮೈ 40, ಲವಣಾಂಶ ಎಲ್ಲೆಡೆ ಸಾವಿರಕ್ಕೆ ಸುಮಾರು 34.7. ವಿಪರೀತ ಅನ್ನಿಸಬಹುದು, ಆದರೆ ಹೆಚ್ಚು ಬಿಸಿಯಿದ್ದ ತಳ ಧ್ರುವದ ಕಡೆಯ ಸಂವಹನದಿಂದ (ಮೇಲಿನ ತಣ್ಣೀರು ಮುಳುಗಿ, ಕೆಳಗಿನ ಬಿಸಿನೀರು ಏರುವುದರಿಂದ) ಬೇಗ ತಣಿಯುತ್ತದೆ. ಕನಿಷ್ಠ 1000 ವರ್ಷ ಓಡಲಿ. ಮೇಲ್ಮೈ ಉಷ್ಣತೆಯ ಬದಲಾವಣೆ ಶತಮಾನಕ್ಕೆ 0.1 ಡಿಗ್ರಿಗಿಂತ ಕಡಿಮೆಯಾಗಬೇಕು. ಅದೊಂದನ್ನೇ ನಂಬಬೇಡಿ, 2–4 ಕಿ.ಮೀ. ಆಳದ ಸರಾಸರಿಯನ್ನೂ ಪ್ರತಿ ಸಾಗರಕ್ಕೆ ಬೇರೆಬೇರೆಯಾಗಿ ಪ್ಲಾಟ್ ಮಾಡಿ.

ಆರ್ಕ್‌ಟಿಕ್ ಲವಣಾಂಶ ಕುಸಿಯುತ್ತಿದೆ ಅಂದಿರಲ್ಲ, ಅದು ಬಹುಶಃ ಜಲಸಂಧಿಯ ಸಮಸ್ಯೆ. ಬಿ-ಗ್ರಿಡ್‌ನಲ್ಲಿ (ಪ್ರವಾಹದ ವೇಗವನ್ನು ಕೋಶಗಳ ಮೂಲೆಗಳಲ್ಲಿ ಲೆಕ್ಕ ಹಾಕುವ ಚೌಕಜಾಲ) ಒಂದೇ ಕೋಶ ಅಗಲದ ಜಲಸಂಧಿಯಲ್ಲಿ ಪ್ರವಾಹ ಹರಿಯುವುದಿಲ್ಲ, ಎರಡಾದರೂ ಬೇಕು. ನದಿನೀರು ಒಳಗೆ ಬರುತ್ತಲೇ ಇರುತ್ತದೆ, ಹೊರದಾರಿ ಇಲ್ಲ. ಈಯೋಸೀನ್ ಕಾಲದ ಭೂಪಟಕ್ಕೆ ತಕ್ಕಂತೆ ನದಿದಿಕ್ಕಿನ ಫೈಲ್ ಬದಲಿಸಿದ್ದೀರಾ? ಉಬ್ಬರವಿಳಿತದ ಮಿಶ್ರಣದ ಫೈಲನ್ನೂ ನೋಡಿ. ಇಂದಿನದೇ ಉಳಿದಿದ್ದರೆ ಆಗ ಇಲ್ಲದ ಸಮುದ್ರತಳದ ಪರ್ವತಶ್ರೇಣಿಯ ಮೇಲೆ ನೀರು ಕಲಕುತ್ತಿರುತ್ತದೆ.